ಜಾನ್‌ನ ಹೆಂಡತಿ, ಸತೀಶನ ಹೆಂಡತಿ

ಪುಣೆಯ ನಮ್ಮ ಓದುಗರ ಕೂಟದಲ್ಲಿ ಕಳೆದ ತಿಂಗಳು ಎರಡು ಕೃತಿಗಳನ್ನು ಜೊತೆಯಾಗಿ ಇಟ್ಟುಕೊಂಡಿದ್ದೆವು. ಒಂದು ಅಮೆರಿಕದ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬರೆದ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕಥೆ, ಇನ್ನೊಂದು ತ್ರಿವೇಣಿಯವರ ‘ಶರಪಂಜರ’. ಎರಡರಲ್ಲೂ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಹೆಣ್ಣಿದ್ದಾಳೆ. ಎರಡೂ ಮುಗಿಯುವುದು ಆಕೆಯ ಸೋಲಿನಲ್ಲಿ. ಚರ್ಚೆಯ ಕೊನೆಗೆ ಒಬ್ಬರು, ‘ಎರಡೂ ಒಂದೇ ಕಥೆ ಬಿಡಿ, ದೇಶ ಬೇರೆ ಅಷ್ಟೇ’ ಅಂದರು. ಹಲವರು ತಲೆಯಾಡಿಸಿದರು. ನನಗೆ ಹಾಗನ್ನಿಸಲಿಲ್ಲ. ಅಂದು ಸರಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಿಲ್ಮನ್ ಕಥೆಯ ಹಿಂದೆ ಅವರ ಸ್ವಂತ ಅನುಭವವಿದೆ. 1885ರಲ್ಲಿ ಮಗಳು ಹುಟ್ಟಿದ ಮೇಲೆ ಅವರು ತೀವ್ರ ಖಿನ್ನತೆಗೆ ಒಳಗಾದರು. 1887ರಲ್ಲಿ ಫಿಲಡೆಲ್ಫಿಯಾದ ಹೆಸರಾಂತ ನರರೋಗ ತಜ್ಞ ಸೈಲಸ್ ವಿಯರ್ ಮಿಚೆಲ್ ಬಳಿ ಹೋದರು. ಮಿಚೆಲ್ ಅವರ ‘ವಿಶ್ರಾಂತಿ ಚಿಕಿತ್ಸೆ’ ಎಂದರೆ ವಾರಗಟ್ಟಲೆ ಹಾಸಿಗೆ, ಏಕಾಂತ, ಹಾಲು ಮತ್ತು ಕೊಬ್ಬಿನ ಆಹಾರ, ಮಾಲೀಸು, ಮೈಗೆ ಸಣ್ಣ ವಿದ್ಯುತ್ ಹಾಯಿಸುವುದು. ಮನೆಗೆ ಕಳಿಸುವಾಗ ಕೊಟ್ಟ ಸಲಹೆ: ಮನೆವಾರ್ತೆಯಲ್ಲೇ ಇರಿ, ಮಗು ಸದಾ ಜೊತೆಗಿರಲಿ, ಬುದ್ಧಿಗೆ ಸಂಬಂಧಿಸಿದ ಕೆಲಸ ದಿನಕ್ಕೆ ಎರಡೇ ಗಂಟೆ, ಲೇಖನಿಯನ್ನಂತೂ ಇನ್ನು ಮುಟ್ಟಲೇಬೇಡಿ. ಕೆಲವು ತಿಂಗಳು ಇದನ್ನು ಪಾಲಿಸಿದ ಗಿಲ್ಮನ್ ಬುದ್ಧಿ ಕೆಡುವ ಅಂಚಿಗೆ ಬಂದರು. ಕೊನೆಗೆ ಸಲಹೆಯನ್ನು ಬದಿಗೊತ್ತಿ ಬರವಣಿಗೆಗೆ ಮರಳಿದರು. ಆ ಕಥೆ ಪ್ರಕಟವಾದದ್ದು 1892ರಲ್ಲಿ.

ಇದೇ ಮಿಚೆಲ್ 1885ರಲ್ಲಿ ಓವನ್ ವಿಸ್ಟರ್ ಎಂಬ ಯುವಕನ ನರದೌರ್ಬಲ್ಯಕ್ಕೆ ಬೇರೆಯೇ ಮದ್ದು ಹೇಳಿದ್ದರು: ಪಶ್ಚಿಮದ ಬಯಲಿಗೆ ಹೋಗು. ವಿಸ್ಟರ್ ವಯೋಮಿಂಗ್‌ಗೆ ಹೋದ, ಕುದುರೆ ಹತ್ತಿದ, ದಿನಚರಿ ಬರೆದ. ಮುಂದೆ 1902ರಲ್ಲಿ ‘ದಿ ವರ್ಜೀನಿಯನ್’ ಬರೆದು ಪ್ರಸಿದ್ಧನಾದ. ಗಂಡಸಿಗೆ ಬಯಲು, ಹೆಂಗಸಿಗೆ ಮಂಚ. ಹೀಗಾಗಿ ಗಿಲ್ಮನ್ ಕಥೆಯಲ್ಲಿ ಚಿಕಿತ್ಸೆಯೇ ರೋಗವನ್ನು ಬೆಳೆಸುತ್ತದೆ ಎಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ.

‘ಶರಪಂಜರ’ದಲ್ಲಿ ಹಾಗಿಲ್ಲ. ಕಾವೇರಿಗೆ ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರಿಗೆ ಚಿಕಿತ್ಸೆಯ ಮೇಲೆ ನಂಬಿಕೆಯಿದೆ. ಪಂಜರವಿರುವುದು ಮನೆಯಲ್ಲಿ. ವಾಪಸು ಬಂದ ಕಾವೇರಿ ನಕ್ಕರೂ ಸಿಟ್ಟಾದರೂ ಸುತ್ತಲಿನವರು ಅದರಲ್ಲಿ ಹುಚ್ಚನ್ನೇ ಹುಡುಕುತ್ತಾರೆ. ಗಂಡ ಸತೀಶ ಬೇರೊಬ್ಬಳತ್ತ ವಾಲಿದ್ದಾನೆ. ಗುಣವಾಗಿ ಬಂದವಳನ್ನು ಮನೆಯೇ ಮತ್ತೆ ಆಸ್ಪತ್ರೆಯ ಬಾಗಿಲಿಗೆ ತಳ್ಳುತ್ತದೆ. ಮನೋವೈದ್ಯದ ಚರಿತ್ರೆಯನ್ನೆಲ್ಲ ಹೆಣ್ಣಿನ ಮೇಲಿನ ದಬ್ಬಾಳಿಕೆ ಎಂದಷ್ಟೇ ಓದುವವರಿಗೆ ಈ ಕಾದಂಬರಿ ಅಡ್ಡ ಬರುತ್ತದೆ. ಔಷಧಿಯೆಂದರೇ ಹೆದರುವ ನಮ್ಮ ಮನೆಗಳಿಗೆ ಆ ವ್ಯತ್ಯಾಸ ಮುಖ್ಯ.

ಹಾಗಾದರೆ ಇಬ್ಬರನ್ನೂ ಬೆಸೆಯುವುದು ಏನು? ಗಿಲ್ಮನ್ ಕಥೆಯ ನಿರೂಪಕಿ ತನಗೆ ಹುಷಾರಿಲ್ಲ ಎನ್ನುತ್ತಾಳೆ. ವೈದ್ಯನೇ ಆಗಿರುವ ಗಂಡ ಜಾನ್ ನಂಬುವುದಿಲ್ಲ. ಕಾವೇರಿ ಈಗ ಹುಷಾರಾಗಿದ್ದೇನೆ ಎನ್ನುತ್ತಾಳೆ. ಅದನ್ನೂ ಯಾರೂ ನಂಬುವುದಿಲ್ಲ. ಹೇಳಿದ ಮಾತು ತದ್ವಿರುದ್ಧ, ಸಿಕ್ಕ ಉತ್ತರ ಒಂದೇ. ತನ್ನ ಮನಸ್ಸಿನ ಬಗ್ಗೆ ಹೆಣ್ಣು ತಾನೇ ಕೊಡುವ ಸಾಕ್ಷಿಗೆ ಎರಡೂ ಕಡೆ ಬೆಲೆಯಿಲ್ಲ.

ತ್ರಿವೇಣಿಯವರ ಬಗ್ಗೆ ನನ್ನದೊಂದು ತಕರಾರಿದೆ. ಕಾವೇರಿಯ ಕಾಯಿಲೆಯ ಬೇರು ಮದುವೆಗೆ ಮುಂಚಿನ ಘಟನೆಯೊಂದರ ಪಾಪಪ್ರಜ್ಞೆಯಲ್ಲಿದೆ ಎಂಬ ವಿವರಣೆ ಆ ಕಾಲದ ಮನಶ್ಶಾಸ್ತ್ರಕ್ಕೆ ಸಹಜವಿರಬಹುದು. ಆದರೆ ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹಾರ್ಮೋನಿನ ಏರುಪೇರು, ನಿದ್ದೆಗೇಡು, ವಂಶದಲ್ಲಿರುವ ಒಲವು ಇವೆಲ್ಲ ಅದರ ಹಿಂದಿರುತ್ತವೆ. ತಪ್ಪು ಮಾಡಿದವಳಿಗೇ ಬರುತ್ತದೆ ಎಂದು ಓದುಗ ತಿಳಿದರೆ, ಕಾದಂಬರಿ ಯಾರ ಬಾಯಿ ಮುಚ್ಚಿಸಲು ಹೊರಟಿತ್ತೋ ಅವರ ಕೈಗೇ ಕೋಲು ಕೊಟ್ಟಂತೆ.

ಕೂಟದಲ್ಲಿ ಎಲ್ಲರೂ ಸತೀಶನನ್ನು ಬೈದರು. ನಾನು ಮಾತ್ರ ಜಾನ್‌ನನ್ನೇ ಯೋಚಿಸುತ್ತಿದ್ದೆ. ಜಾನ್ ಕೆಟ್ಟವನಲ್ಲ, ಹೆಂಡತಿಯ ಮೇಲೆ ಅವನಿಗೆ ಪ್ರೀತಿಯಿದೆ. ಕೆಲವು ವರ್ಷಗಳ ಹಿಂದೆ ನನ್ನ ತಂಡದ ಒಬ್ಬಾಕೆ ಹೆರಿಗೆ ರಜೆ, ಆಮೇಲೆ ಖಿನ್ನತೆಯ ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ್ದರು. ಒತ್ತಡ ಬೇಡ ಎಂದು ನಾನೇ ಅವರನ್ನು ಮುಖ್ಯ ಪ್ರಾಜೆಕ್ಟಿನಿಂದ ತೆಗೆದು ಸಣ್ಣಪುಟ್ಟ ಕೆಲಸ ಕೊಟ್ಟೆ. ಅವರನ್ನು ಒಂದು ಮಾತೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ಅವರೇ ಬಂದು, ನನ್ನ ಕೆಲಸದಲ್ಲಿ ಏನು ತಪ್ಪು ಕಂಡಿರಿ ಎಂದು ಕೇಳಿದರು. ಒಂದೂ ತಪ್ಪು ಕಂಡಿರಲಿಲ್ಲ. ಆ ವರ್ಷದ ಬಡ್ತಿ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ‘ಕಾಳಜಿ’ ಎಂದು ನಾನು ಕರೆದದ್ದಕ್ಕೆ ಅವರು ಬೆಲೆ ತೆತ್ತಿದ್ದರು.

ಕಾನೂನು ಈಗ ಸ್ವಲ್ಪ ಮುಂದೆ ಬಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮನೆಯವರು ಸೇರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯನ್ನು ಮಗುವಿನ ಜೊತೆಗೇ ದಾಖಲಿಸಿಕೊಳ್ಳುವ ವಿಭಾಗ 2009ರಲ್ಲೇ ಆರಂಭವಾಯಿತು. ಕಾವೇರಿಯಂಥವರಿಗೆ ಇವು ಸಣ್ಣ ವಿಷಯಗಳಲ್ಲ. ಆದರೆ ಗುಣವಾಗಿ ಬಂದವಳ ಮಾತನ್ನು ಮನೆಯವರು, ಆಫೀಸಿನವರು ನಂಬಬೇಕೆಂದು ಯಾವ ಸೆಕ್ಷನ್ನೂ ಹೇಳಲಾರದು. ‘ಶರಪಂಜರ’ವನ್ನು ಕಲ್ಪನಾ ಅಭಿನಯದ ಸಿನಿಮಾದಲ್ಲಿ ಮಾತ್ರ ನೋಡಿದವರು ಒಮ್ಮೆ ಕಾದಂಬರಿಯನ್ನೂ ಓದಿ. ಓದುವಾಗ ಕಾವೇರಿಯ ಮೇಲಲ್ಲ, ಅವಳನ್ನು ನೋಡುತ್ತಿರುವವರ ಮೇಲೆ ಕಣ್ಣಿಡಿ. ಅವರಲ್ಲಿ ನನ್ನಂಥವರೂ ಸಿಗುತ್ತಾರೆ.