ಊರೇ ಒಂದು ಮನೆ, ಬೀದಿಯೇ ಪಡಸಾಲೆ

ಜಪಾನಿನ ಬಿಸಿನೀರಿನ ಊರು ಯಾವುದಾದರೂ ಸರಿ, ಅಲ್ಲಿಗೆ ಹೋದಾಗ ನಾನು ಮೊದಲು ನೋಡುವುದು ಸ್ನಾನದ ಕೊಳವನ್ನಲ್ಲ, ರಾತ್ರಿ ಒಂಬತ್ತರ ಬೀದಿಯನ್ನು. ಊಟ ಮುಗಿದ ಮೇಲೂ ಅಲ್ಲಿ ಜನ ಓಡಾಡುತ್ತಿದ್ದಾರೆಯೇ? ಬಹಳಷ್ಟು ಕಡೆ ಇರುವುದಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಸ್ಸುಗಟ್ಟಲೆ ಪ್ರವಾಸಿಗರು ಬರತೊಡಗಿದಾಗ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಹೋಟೆಲುಗಳನ್ನು ಕಟ್ಟಿದರು. ಸ್ನಾನ, ಊಟ, ಕುಡಿತ, ಅಂಗಡಿ ಎಲ್ಲವೂ ಒಳಗೇ ಆಯಿತು. ಬಂದವರು ಮರುದಿನ ಬಸ್ಸು ಹತ್ತುವ ತನಕ ಹೊಸ್ತಿಲು ದಾಟಲಿಲ್ಲ. ಹೊರಗಿನ ಬೀದಿ ಸೊರಗಿಹೋಯಿತು.

ಕಿನೊಸಾಕಿಯ ಬೀದಿ ಸೊರಗಲಿಲ್ಲ. ಒಂಬತ್ತು ಗಂಟೆಗೂ ಅಲ್ಲಿ ಮರದ ಹಾವುಗೆಗಳ ಟಕಟಕ ಕೇಳುತ್ತಲೇ ಇರುತ್ತದೆ. ಹತ್ತಿಯ ತೆಳು ನಿಲುವಂಗಿ, ಅಂದರೆ ಯುಕಾತಾ, ಉಟ್ಟು, ಕೈಯಲ್ಲಿ ಚಿಕ್ಕ ಬುಟ್ಟಿ ಹಿಡಿದು, ಕೆಂಪಾದ ಕೆನ್ನೆಗಳಲ್ಲಿ ಅಜ್ಜಿಯರು, ಮಕ್ಕಳು, ಹೊಸದಾಗಿ ಮದುವೆಯಾದವರು ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುತ್ತಿರುತ್ತಾರೆ. ಇದು ತಾನಾಗಿ ಉಳಿದುಬಂದದ್ದಲ್ಲ. ಊರವರು ಜಗಳವಾಡಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಉಳಿಸಿಕೊಂಡದ್ದು. ಈ ವಾರ ಹೇಳಬೇಕೆಂದಿರುವುದು ಮುಖ್ಯವಾಗಿ ಆ ಕಥೆಯನ್ನೇ.

ಊರು ಇರುವುದು ಹ್ಯೊಗೊ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ಜಪಾನ್ ಸಮುದ್ರಕ್ಕೆ ಕೂಗಳತೆಯಲ್ಲಿ. 2005ರಿಂದ ತೊಯೊಒಕಾ ನಗರದ ಭಾಗ. ಕ್ಯೊಟೊದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ನಿಲ್ದಾಣದಿಂದ ಕಣಿವೆಯೊಳಗೆ ಒಂದೇ ಮುಖ್ಯ ಬೀದಿ, ಪಕ್ಕದಲ್ಲಿ ಒತಾನಿ ಎಂಬ ಕಿರುಹೊಳೆ, ಅದರ ಇಕ್ಕೆಲದಲ್ಲಿ ಬಾಗಿದ ವಿಲೋ ಮರಗಳು, ಕಲ್ಲಿನ ಕಮಾನು ಸೇತುವೆಗಳು. ಈ ಬೀದಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ: ಸಾತೊನೊಯು, ಜಿಜೊಯು, ಯಾನಾಗಿಯು, ಇಚಿನೊಯು, ಗೊಶೊನೊಯು, ಮಂದಾರಾಯು, ಕೊಉನೊಯು. ಯಾವ ವಸತಿಗೃಹದಲ್ಲಿ ತಂಗಿದರೂ ಇವೆಲ್ಲಕ್ಕೂ ಪ್ರವೇಶಚೀಟಿ ಉಚಿತವಾಗಿ ಸಿಗುತ್ತದೆ. ಊರವರು ತಮ್ಮ ಊರನ್ನು ವರ್ಣಿಸುವುದೇ ಒಂದು ಮನೆಯೆಂದು. ರೈಲು ನಿಲ್ದಾಣ ತಲೆಬಾಗಿಲು, ಬೀದಿ ಪಡಸಾಲೆ, ವಸತಿಗೃಹಗಳು ಕೋಣೆಗಳು, ಏಳು ಸ್ನಾನಗೃಹಗಳು ಎಲ್ಲರಿಗೂ ಸೇರಿದ ಬಚ್ಚಲುಮನೆ.

1925ರ ಮೇ 23ರಂದು ಕಿತಾ-ತಾಜಿಮಾ ಭೂಕಂಪ ಈ ಕಣಿವೆಯನ್ನು ಅಲುಗಿಸಿತು. ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚುವ ಹೊತ್ತು. ಬಿದ್ದ ಮರದ ಮನೆಗಳಿಗೆ ಬೆಂಕಿ ಹತ್ತಿ ಊರು ಬಹುತೇಕ ಬೂದಿಯಾಯಿತು. ಇಡೀ ಪ್ರದೇಶದಲ್ಲಿ ಸತ್ತವರು 400ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಿನೊಸಾಕಿಯವರು. ಮರಳಿ ಕಟ್ಟುವಾಗ ಬೀದಿ ಮತ್ತು ಹೊಳೆಯನ್ನು ಅಗಲಿಸಲು ಜನ ತಮ್ಮ ನಿವೇಶನಗಳಿಂದ ಜಾಗ ಬಿಟ್ಟುಕೊಟ್ಟರು. ಬೆಂಕಿ ಹಬ್ಬದಂತೆ ತಡೆಯಲು ಸಾರ್ವಜನಿಕ ಕಟ್ಟಡಗಳಿಗೆ ಕಾಂಕ್ರೀಟು ಬಳಸಿದರು, ವಸತಿಗೃಹಗಳನ್ನು ಮಾತ್ರ ಹಿಂದಿನಂತೆ ಮರದಲ್ಲೇ ಎಬ್ಬಿಸಿದರು. ಇಂದು ನಾವು ಮೆಚ್ಚಿ ನಿಲ್ಲುವ ಎರಡು-ಮೂರು ಅಂತಸ್ತಿನ ಮರದ ಮುಂಭಾಗಗಳು ಆಗಿನವು. ಹೊಳೆಯ ದಂಡೆಗೆ ಕಟ್ಟಿರುವ ಕಪ್ಪುಕಲ್ಲಿನ ತುಂಡುಗಳನ್ನು ಗಮನಿಸಿ. ಅವು ಗೆನ್ಬುದೊ ಗುಹೆಯ ಬಳಿ ಅದೇ ಭೂಕಂಪದಲ್ಲಿ ಕಳಚಿಬಿದ್ದ ಕಲ್ಲುಗಳು.

ಕಟ್ಟಡದ ಕೆಲಸ ಇನ್ನೂ ನಡೆದಿರುವಾಗಲೇ, 1927ರಲ್ಲಿ, ಮಿಕಿಯಾ ಎಂಬ ಹಳೆಯ ವಸತಿಗೃಹ ತನ್ನ ಅತಿಥಿಗಳಿಗೆಂದು ಒಳಗೇ ಬಿಸಿನೀರಿನ ಸ್ನಾನಕ್ಕೆ ಏರ್ಪಾಡು ಮಾಡಿತು. ಊರು ಸಿಡಿದೆದ್ದಿತು. ನೆಲದಡಿಯ ನೀರು ಜಾಗದ ಒಡೆಯನದ್ದೇ, ಊರಿನದ್ದೇ? ಹಣವುಳ್ಳವರು ತಮ್ಮ ತಮ್ಮ ಅಂಗಳದಲ್ಲಿ ಕೊರೆಯುತ್ತ ಹೋದರೆ ಸಾರ್ವಜನಿಕ ಸ್ನಾನಗೃಹಗಳ ಗತಿಯೇನು? ಅಲ್ಲಿಗೆ ನಡೆದುಬರುವ ಜನರನ್ನೇ ನಂಬಿದ ಅಂಗಡಿಗಳ, ಸಣ್ಣ ವಸತಿಗೃಹಗಳ ಗತಿಯೇನು? ವ್ಯಾಜ್ಯ ಯುದ್ಧವನ್ನೂ ದಾಟಿ 1950ರ ತನಕ ಎಳೆಯಿತು. ಕೊನೆಗೆ ರಾಜಿಯಾಯಿತು. ನೀರು ಊರಿನ ಸೊತ್ತು. ವಸತಿಗೃಹಗಳು ಒಳಗೆ ಸ್ನಾನದ ತೊಟ್ಟಿ ಇಟ್ಟುಕೊಳ್ಳಬಹುದು, ಆದರೆ ಅದರ ಗಾತ್ರಕ್ಕೆ ಮಿತಿಯಿದೆ. ಮುಂದೆ 1972ರಲ್ಲಿ ಎಲ್ಲ ಬುಗ್ಗೆಗಳ ನೀರನ್ನೂ ಒಂದೆಡೆ ಕೂಡಿಸಿ ಕೊಳವೆಗಳಲ್ಲಿ ಹಂಚುವ ವ್ಯವಸ್ಥೆ ಬಂತು.

ಆದ್ದರಿಂದ ಏಳರಲ್ಲಿ ಯಾವುದಕ್ಕೆ ಇಳಿದರೂ ನೀರು ಒಂದೇ. ಬುಗ್ಗೆಯಿಂದ ಬುಗ್ಗೆಗೆ ಗುಣ ಬದಲಾಗಬೇಕೆಂದು ಬಯಸುವ ಸ್ನಾನಪ್ರಿಯರು ಇದನ್ನು ಕೊರತೆಯೆಂದು ಎಣಿಸುತ್ತಾರೆ. ನಾನು ಒಪ್ಪುವುದಿಲ್ಲ. ನೀರಿನ ವೈವಿಧ್ಯ ಬೇಕಿದ್ದವರಿಗೆ ಬೇರೆ ಊರುಗಳಿವೆ. ಇಲ್ಲಿಯ ಸೊಗಸು ಒಂದು ಸ್ನಾನಕ್ಕೂ ಇನ್ನೊಂದಕ್ಕೂ ನಡುವಿನ ನಡಿಗೆಯಲ್ಲಿದೆ. ಬಿಸಿ ಮೈಗೆ ತಣ್ಣನೆಯ ಗಾಳಿ ತಾಗಬೇಕು, ಸೇತುವೆಯ ಮೇಲೆ ನಾಲ್ಕು ನಿಮಿಷ ನಿಲ್ಲಬೇಕು, ಮತ್ತೆ ಒಳಹೊಗಬೇಕು. ನೀರಿನಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡುಗಳಿವೆ, ತುಟಿಗೆ ತಾಗಿದರೆ ಉಪ್ಪು. ಆ ಉಪ್ಪು ಚರ್ಮದ ಮೇಲೆ ತೆಳ್ಳಗೆ ಕೂತು ಬೆವರು ಆರುವುದನ್ನು ತಡೆಯುತ್ತದೆ. ಹಿಮ ಬೀಳುವ ರಾತ್ರಿಯಲ್ಲೂ ಒಂದು ಹತ್ತಿಬಟ್ಟೆಯಲ್ಲಿ ನಡೆಯಲಾಗುವುದು ಅದರಿಂದಲೇ.

ಏಳರಲ್ಲಿ ನನಗೆ ಪ್ರಿಯವಾದದ್ದು ಕೊಉನೊಯು. ಊರಿನ ತೀರ ಒಳಗಿದೆ, ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿಯ ನೀರಿನಲ್ಲಿ ಕಾಲಿಟ್ಟು ವಾಸಿಯಾದದ್ದನ್ನು ಕಂಡು ಜನ ಬುಗ್ಗೆಯನ್ನು ಗುರುತಿಸಿದರೆಂಬುದು ಐತಿಹ್ಯ. ಮರಗಳ ನಡುವಿನ ಬಯಲು ಕೊಳ, ಆಡಂಬರವಿಲ್ಲ. ಅರಮನೆಯ ಶೈಲಿಯ ಗೊಶೊನೊಯು ಎಲ್ಲರೂ ಹೊಗಳುವ ಸ್ಥಳ, ಸುಂದರವೂ ಹೌದು, ಆದರೆ ಸಂಜೆ ಅಲ್ಲಿ ನೂಕುನುಗ್ಗಲು. ಇಚಿನೊಯುವಿನಲ್ಲಿ ಬಂಡೆ ಕೊರೆದ ಗುಹೆಯೊಳಗೆ ಕೊಳವಿದೆ. ಮಂದಾರಾಯು ಚಿಕ್ಕದು. ದೊಚಿ ಎಂಬ ಸನ್ಯಾಸಿ ಸಾವಿರ ದಿನ ಪ್ರಾರ್ಥಿಸಿದ ಮೇಲೆ ಕ್ರಿ.ಶ. 720ರಲ್ಲಿ ನೀರು ಚಿಮ್ಮಿತೆಂದು ನಂಬುವ ಜಾಗ ಅದೇ. ಅವನ ಹೆಸರಿನೊಂದಿಗೆ ಬೆಸೆದಿರುವ ಒನ್ಸೆನ್‌ಜಿ ದೇವಾಲಯ ಗುಡ್ಡದ ಮೇಲಿದೆ. ಹಿಂದೆ ಸ್ನಾನಕ್ಕೆ ಬಂದವರು ಮೊದಲು ಅಲ್ಲಿಗೆ ಹೋಗಿ ಕೈಮುಗಿದು, ಸ್ನಾನದ ಕ್ರಮ ಕಲಿತು, ನೀರು ಮೊಗೆಯುವ ಸೌಟು ಪಡೆದು ಕೆಳಗಿಳಿಯುತ್ತಿದ್ದರು. ಈಗ ರೋಪ್‌ವೇ ಇದೆ, ನಡೆದು ಹತ್ತುವುದೇ ಮೇಲು. ಸ್ನಾನಗೃಹಗಳು ವಾರದಲ್ಲಿ ಒಂದೊಂದು ದಿನ ಸರದಿಯಂತೆ ಮುಚ್ಚಿರುತ್ತವೆ. ವಸತಿಗೃಹದಲ್ಲಿ ವಿಚಾರಿಸಿಕೊಂಡೇ ಹೊರಡಿ.

ನಮ್ಮವರನ್ನು ಹಿಂಜರಿಸುವ ಸಂಗತಿಯನ್ನೂ ಹೇಳಬೇಕು. ಕೊಳಕ್ಕೆ ಇಳಿಯುವುದು ಬರಿಮೈಯಲ್ಲಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ವಿಭಾಗ. ಮೊದಲು ಕುಳ್ಳು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈಯನ್ನು ಪೂರ್ತಿ ತೊಳೆಯಬೇಕು, ಕೊಳಕ್ಕಿಳಿಯುವುದು ಆಮೇಲೆ. ಕೈವಸ್ತ್ರವನ್ನು ನೀರಿಗೆ ಅದ್ದಬಾರದು, ಉದ್ದ ಕೂದಲನ್ನು ಎತ್ತಿ ಕಟ್ಟಬೇಕು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಮುಜುಗರ ಒಳಹೊಕ್ಕ ಐದು ನಿಮಿಷಕ್ಕೆ ಕರಗುತ್ತದೆ, ಇದನ್ನು ಖಂಡಿತವಾಗಿ ಹೇಳಬಲ್ಲೆ. ನೀರು ಬಲು ಬಿಸಿ, ಆದ್ದರಿಂದ ಒಮ್ಮೆಗೆ ಹತ್ತು ನಿಮಿಷ ಸಾಕು. ಒಂದೇ ಸಂಜೆ ಏಳನ್ನೂ ಮುಗಿಸುವ ಹಟ ತಲೆಸುತ್ತಿಗೆ ದಾರಿ. ಸಂಜೆ ಎರಡು, ಬೆಳಿಗ್ಗೆ ಒಂದು, ನಡುವೆ ನೀರು ಕುಡಿಯುವುದು. ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆ ಹಾಕಿಸಿಕೊಂಡವರಿಗೂ ತಡೆಯಿಲ್ಲ, ಜಪಾನಿನಲ್ಲಿ ಇದು ಅಪರೂಪ.

ಸಾಹಿತ್ಯ ಓದುವವರಿಗೆ ಈ ಊರು ಶಿಗಾ ನಾವೊಯಾನ ಊರು. 1913ರಲ್ಲಿ ಟೋಕಿಯೊದಲ್ಲಿ ರೈಲು ಬಡಿದು ಗಾಯಗೊಂಡ ಆತ ಚೇತರಿಸಿಕೊಳ್ಳಲು ಬಂದು ತಂಗಿದ್ದು ಇದೇ ಮಿಕಿಯಾದಲ್ಲಿ. ನಾಲ್ಕು ವರ್ಷಗಳ ಬಳಿಕ, 1917ರಲ್ಲಿ, ‘ಕಿನೊಸಾಕಿಯಲ್ಲಿ’ ಎಂಬ ಸಣ್ಣಕಥೆ ಪ್ರಕಟವಾಯಿತು. ಸತ್ತುಬಿದ್ದ ಜೇನುಹುಳ, ಹೊಳೆಯಲ್ಲಿ ಜೀವಕ್ಕಾಗಿ ಒದ್ದಾಡುವ ಇಲಿ, ತಾನು ಎಸೆದ ಕಲ್ಲು ಆಕಸ್ಮಿಕವಾಗಿ ತಗುಲಿ ಸಾಯುವ ನೀರುಹಲ್ಲಿ. ಸಾವಿನಿಂದ ಕೂದಲೆಳೆಯಲ್ಲಿ ಪಾರಾದವನ ಕಣ್ಣಿಗೆ ಬಿದ್ದ ಮೂರು ಸಾವುಗಳು, ಅಷ್ಟೇ ಕಥೆ. ಹೊಳೆಯ ದಂಡೆಯಲ್ಲಿ ಕೂತು ಓದಬೇಕಾದದ್ದು. ಆತ ಬಂದುಹೋದ ನೂರನೆಯ ವರ್ಷಕ್ಕೆ ಊರಿನ ಯುವಕರು ಪ್ರಕಾಶನವೊಂದನ್ನು ಕಟ್ಟಿದರು. ಅದರ ಪುಸ್ತಕಗಳು ಸಿಗುವುದು ಈ ಊರಿನಲ್ಲಿ ಮಾತ್ರ. ಒಂದಕ್ಕೆ ಟವೆಲ್ ಬಟ್ಟೆಯ ಹೊದಿಕೆ, ನೀರಿಗೆ ನೆನೆಯದ ಹಾಳೆಗಳು. ಕೊಳದಲ್ಲಿ ಕೂತೇ ಓದಬಹುದು.

ಚಳಿಗಾಲದ ಜನಸಂದಣಿಗೆ ಕಾರಣ ಏಡಿ. ನವೆಂಬರ್ 6ರಂದು ಏಡಿ ಹಿಡಿಯುವ ಕಾಲ ತೆರೆಯುತ್ತದೆ, ಮಾರ್ಚ್ 20ರ ತನಕ. ಇಲ್ಲಿಯ ಗಂಡು ಹಿಮ ಏಡಿಗೆ ಮಾತ್ಸುಬಾ ಎಂದು ಹೆಸರು. ಹತ್ತಿರದ ತ್ಸುಇಯಾಮಾ ಬಂದರಿನಲ್ಲಿ ಇಳಿದ ಏಡಿಯ ಕಾಲಿಗೆ ಬಂದರಿನ ಗುರುತಿನ ಪಟ್ಟಿ ಕಟ್ಟುತ್ತಾರೆ. ದರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಸಸ್ಯಾಹಾರಿಗಳು ಕೋಣೆ ಕಾದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸಬೇಕು. ತರಕಾರಿಯ ಸಾರಿಗೂ ಒಣಮೀನಿನ ತಿಳಿಯನ್ನೇ ಬಳಸುವುದು ರೂಢಿ, ಕಡಲಪಾಚಿಯ ತಿಳಿಯಲ್ಲಿ ಬೇಯಿಸಿ ಎಂದು ಕೇಳಿದರೆ ಅಡುಗೆಯವರಿಗೆ ಅರ್ಥವಾಗುತ್ತದೆ.

ಕಿನೊಸಾಕಿಗೆ ಬಂದವರಲ್ಲಿ ಹೆಚ್ಚಿನವರು ಒಂದು ರಾತ್ರಿ ಕಳೆದು ಮರಳುತ್ತಾರೆ. ಇನ್ನೊಂದು ದಿನ ಇಡಿ. ಸುತ್ತಲ ನೆಲ ಅದಕ್ಕೆ ತಕ್ಕದ್ದು.

ಮೊದಲು ಗೆನ್ಬುದೊ. ಮಾರುಯಾಮಾ ನದಿಯ ದಂಡೆಯಲ್ಲಿ, ಹದಿನಾರು ಲಕ್ಷ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಆರು ಮೂಲೆಯ ಕಂಬಗಳಾಗಿ ಬಿರಿದುನಿಂತ ಬಂಡೆಗೋಡೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಈ ಕಂಬಗಳ ಪರಿಚಯವಿದೆ. ಅಲ್ಲಿಯ ಶಿಲೆ ಬೇರೆ, ವಯಸ್ಸು ಬಹಳ ಹೆಚ್ಚು, ಆದರೆ ಕಂಬಗಳು ಮೂಡಿದ ಬಗೆ ಒಂದೇ. ಗೆನ್ಬುದೊಗೆ ವಿಜ್ಞಾನದಲ್ಲಿ ದೊಡ್ಡ ಸ್ಥಾನವಿದೆ. 1926ರಲ್ಲಿ ಕ್ಯೊಟೊದ ಭೂವಿಜ್ಞಾನಿ ಮಾತುಯಾಮಾ ಮೊತೊನೊರಿ ಇಲ್ಲಿಯ ಕಲ್ಲಿನಲ್ಲಿ ಹುದುಗಿದ ಕಾಂತೀಯತೆಯನ್ನು ಅಳೆದ. ಅದರ ದಿಕ್ಕು ಇಂದಿನ ಭೂಕಾಂತಕ್ಕೆ ತಿರುಗುಮುರುಗಾಗಿತ್ತು. ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾದರೆ ಅಂದು ಭೂಮಿಯ ಧ್ರುವಗಳೇ ಅದಲುಬದಲಾಗಿದ್ದವು. 1929ರಲ್ಲಿ ಆತ ಇದನ್ನು ಪ್ರಕಟಿಸಿದಾಗ ಕಿವಿಗೊಟ್ಟವರು ಕಡಿಮೆ. ದಶಕಗಳು ಕಳೆದ ಮೇಲೆ ಜಗತ್ತು ಒಪ್ಪಿತು. ಸುಮಾರು 26 ಲಕ್ಷದಿಂದ 7.7 ಲಕ್ಷ ವರ್ಷಗಳ ಹಿಂದಿನ ಕಾಲಾವಧಿಗೆ ಈಗ ಅವನದೇ ಹೆಸರು. ಆ ಗೋಡೆಯ ಮುಂದೆ ಹೋಗಿ ನಿಲ್ಲದೆ ಕಿನೊಸಾಕಿ ನೋಡಿದೆ ಎನ್ನಬಾರದು.

ನದಿಯ ಕೆಳಹರಿವಿನ ಗದ್ದೆಗಳಲ್ಲಿ ಕೊಕ್ಕರೆಗಳನ್ನು ಹುಡುಕಿ. ಜಪಾನಿನ ಕೊನೆಯ ಕಾಡುಕೊಕ್ಕರೆ ಸತ್ತದ್ದು 1971ರಲ್ಲಿ, ಇದೇ ತೊಯೊಒಕಾದಲ್ಲಿ. ಗದ್ದೆಗೆ ಸುರಿದ ಕೀಟನಾಶಕ ಕಪ್ಪೆ, ಮೀನುಗಳನ್ನೂ ಅವುಗಳ ಮೂಲಕ ಕೊಕ್ಕರೆಗಳನ್ನೂ ಕೊಂದಿತ್ತು. 1985ರಲ್ಲಿ ಸೋವಿಯತ್ ಒಕ್ಕೂಟದ ಖಬಾರೊವ್ಸ್ಕ್‌ನಿಂದ ಆರು ಮರಿಗಳನ್ನು ತಂದು ಸಾಕಿದರು. 1989ರಲ್ಲಿ ಅವು ಮರಿ ಮಾಡಿದವು. 2005ರ ಸೆಪ್ಟೆಂಬರಿನಲ್ಲಿ ಐದು ಹಕ್ಕಿಗಳನ್ನು ಬಾನಿಗೆ ಬಿಟ್ಟರು. ಅವು ಬದುಕಬೇಕಾದರೆ ಗದ್ದೆಯೂ ಬದಲಾಗಬೇಕಿತ್ತು. ವಿಷ ಕಡಿಮೆ ಮಾಡಿ, ಚಳಿಗಾಲದಲ್ಲೂ ನೀರು ನಿಲ್ಲಿಸಿ ಬೆಳೆದ ಅಕ್ಕಿಯನ್ನು ಇಲ್ಲಿಯ ರೈತರು ಕೊಕ್ಕರೆಯ ಹೆಸರಿನಲ್ಲೇ ಮಾರುತ್ತಾರೆ. ಕೊಂಚ ದುಬಾರಿ, ಆದರೂ ಕೊಳ್ಳಿ.

ಆಮೇಲೆ ಕರಾವಳಿ. ರೈಲು ಹಳಿಯ ಮೇಲಿನ ವಿದ್ಯುತ್ ತಂತಿ ಕಿನೊಸಾಕಿಯಲ್ಲೇ ಮುಗಿಯುತ್ತದೆ. ಪಶ್ಚಿಮಕ್ಕೆ ಒಂಟಿ ಹಳಿಯ ಮೇಲೆ ಸಣ್ಣ ಡೀಸೆಲ್ ರೈಲು, ಸುರಂಗದಿಂದ ಸುರಂಗಕ್ಕೆ ನುಗ್ಗುತ್ತ, ನಡುವೆ ಕಡಲನ್ನು ತೋರಿಸುತ್ತ ಸಾಗುತ್ತದೆ. ತಾಕೆನೊದಲ್ಲಿ ತಿಳಿ ನೀರಿನ ಮರಳ ದಂಡೆ. ಕಾಸುಮಿಯಲ್ಲಿ ದಾಇಜೊಜಿ ದೇವಾಲಯ. ಹದಿನೆಂಟನೆಯ ಶತಮಾನದ ಕೊನೆಗೆ ಮಾರುಯಾಮಾ ಓಕ್ಯೊ ಎಂಬ ಮಹಾನ್ ಚಿತ್ರಕಾರ ಶಿಷ್ಯರೊಡಗೂಡಿ ಇಲ್ಲಿಯ ಜಾರುಕದಗಳನ್ನೆಲ್ಲ ಚಿತ್ರಿಸಿದ. ಬಡ ವಿದ್ಯಾರ್ಥಿಯಾಗಿದ್ದಾಗ ಇಲ್ಲಿಯ ಗುರು ಕೊಟ್ಟ ಹಣದ ಋಣ ತೀರಿಸಲೆಂದು ಹಾಗೆ ಮಾಡಿದನೆಂದು ಹೇಳುತ್ತಾರೆ. ಹೊನ್ನಿನ ಹಾಳೆಯ ಮೇಲೆ ಬರಿಯ ಕಪ್ಪು ಮಸಿಯಲ್ಲಿ ಬರೆದ ಅವನ ನವಿಲುಗಳಲ್ಲಿ ಬಣ್ಣಗಳೇ ಕಾಣುತ್ತವೆ. ಕೊಠಡಿಗಳಲ್ಲಿ ಈಗ ಇರುವವುಗಳಲ್ಲಿ ಹಲವು ನಿಖರ ಪ್ರತಿಗಳು, ಮೂಲಗಳು ಭದ್ರವಾಗಿ ಒಳಗಿವೆ.

ಕಾಸುಮಿಯನ್ನು ದಾಟಿದರೆ ಅಮಾರುಬೆ. 1912ರಲ್ಲಿ ಇಲ್ಲಿ 41 ಮೀಟರ್ ಎತ್ತರದ ಉಕ್ಕಿನ ರೈಲು ಸೇತುವೆ ಎದ್ದಿತು. ರೈಲು ತಲೆಯ ಮೇಲೆಯೇ ಹಾದುಹೋಗುತ್ತಿದ್ದರೂ ಊರಿಗೆ ನಿಲ್ದಾಣವಿರಲಿಲ್ಲ. ಜನ ಸೇತುವೆಯ ಮೇಲೆಯೂ ಸುರಂಗಗಳೊಳಗೂ ನಡೆದು ಪಕ್ಕದ ಯೊರೊಇ ನಿಲ್ದಾಣಕ್ಕೆ ಹೋಗಬೇಕಿತ್ತು. 1959ರಲ್ಲಿ ನಿಲ್ದಾಣ ಮಂಜೂರಾದಾಗ ಊರವರು, ಶಾಲಾಮಕ್ಕಳು ಸಹ, ಕಡಲ ದಂಡೆಯಿಂದ ಗುಡ್ಡದ ಮೇಲಕ್ಕೆ ಕಲ್ಲು ಹೊತ್ತು ಪ್ಲಾಟ್‌ಫಾರಂ ಕಟ್ಟಿದರು. 1986ರ ಡಿಸೆಂಬರ್ 28ರಂದು ಬಿರುಗಾಳಿ ಪ್ರಯಾಣಿಕರಿಲ್ಲದ ರೈಲೊಂದನ್ನು ಸೇತುವೆಯಿಂದ ಕೆಳಗೆ ಕೆಡವಿತು. ಕೆಳಗಿದ್ದ ಏಡಿ ಸಂಸ್ಕರಣೆಯ ಕಾರ್ಖಾನೆಯ ಐವರು ಮಹಿಳೆಯರೂ ರೈಲಿನ ಕಂಡಕ್ಟರೂ ಸತ್ತರು. 2010ರಿಂದ ಓಡಾಟ ಹೊಸ ಕಾಂಕ್ರೀಟ್ ಸೇತುವೆಯ ಮೇಲೆ. ಹಳೆಯ ಸೇತುವೆಯ ಒಂದು ತುದಿಯನ್ನು ಉಳಿಸಿ ನೋಟದ ಕಟ್ಟೆ ಮಾಡಿದ್ದಾರೆ. ಅಲ್ಲಿಂದ ಕಡಲನ್ನು ನೋಡಿ, ಮಕ್ಕಳು ಕಲ್ಲು ಹೊತ್ತ ಕಾಲುದಾರಿಯಲ್ಲೇ ಊರಿಗೆ ಇಳಿಯಿರಿ, ಕಂಬಗಳ ಬುಡದಲ್ಲಿ ನಿಂತು ಮೇಲೆ ನೋಡಿ. ಈ ಮಾರ್ಗದಲ್ಲಿ ರೈಲುಗಳು ವಿರಳ. ಮರಳುವ ರೈಲಿನ ವೇಳೆಯನ್ನು ಇಳಿಯುವ ಮೊದಲೇ ಬರೆದಿಟ್ಟುಕೊಳ್ಳಿ, ಚಳಿಗಾಲದಲ್ಲಂತೂ ಗಾಳಿ ಜೋರಾದರೆ ಅದೂ ನಿಲ್ಲಬಹುದೆಂದು ಎಣಿಸಿಯೇ ಆ ದಿನದ ಕಾರ್ಯಕ್ರಮ ಹಾಕಿಕೊಳ್ಳಿ.