ಕಲ್ಲಿಲ್ಲದ ಶಿಲ್ಪ, ಕೂದಲಿಲ್ಲದ ಕುಂಚ

ಶಿಲ್ಪವೆಂದೊಡನೆ ನಮಗೆ ನೆನಪಾಗುವುವು ಉಳಿ, ಸುತ್ತಿಗೆ, ಕಲ್ಲಿನ ಚಕ್ಕೆ. ಈ ಮೂರೂ ಇಲ್ಲದ ಶಿಲ್ಪವೊಂದು ಈಗ ಕಂಪ್ಯೂಟರಿನ ತೆರೆಯ ಮೇಲೆ ಬೆಳೆಯುತ್ತಿದೆ. 1999ರಲ್ಲಿ ಮೊದಲು ಕಾಣಿಸಿಕೊಂಡ ಝಡ್‌ಬ್ರಶ್, ಯಾರು ಬೇಕಾದರೂ ಬಿಡಿಕಾಸು ಕೊಡದೆ ಪಡೆಯಬಹುದಾದ ಬ್ಲೆಂಡರ್, ಇವೇ ಮೊದಲಾದುವು ಅದರ ಸಾಧನಗಳು. “ಎಲ್ಲವನ್ನೂ ಯಂತ್ರವೇ ಮಾಡಿದ ಮೇಲೆ ಕಲೆಯೆಲ್ಲಿ?” ಎಂದು ಹಿರಿಯರು ಮೂಗು ಮುರಿಯುತ್ತಾರೆ. ಇನ್ನು ಮುಂದೆ ಶಿಲ್ಪವೆಂದರೆ ಇದೇ ಎಂದು ಕಿರಿಯರು ಹಿಗ್ಗುತ್ತಾರೆ. ತೆಗಳುವವರೂ ಹೊಗಳುವವರೂ ಕುಂಚ ಹೇಗೆ ನಡೆಯುತ್ತದೆಂಬುದನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ವಿಮರ್ಶೆ ತೊಡಗಬೇಕಾದುದು ಅಲ್ಲಿಂದಲೇ.

ಇಲ್ಲಿ ಕುಂಚವೆಂದರೆ ಕೂದಲಿನ ಕಟ್ಟಲ್ಲ, ಒಂದು ನಿಯಮ. ತೆರೆಯ ಮೇಲಿನ ಮುದ್ದೆಯು ಸಾವಿರಾರು ಬಿಂದುಗಳಿಂದ ಹೆಣೆದ ಬಲೆ. ಕುಂಚ ಸೋಕಿದೆಡೆ ಆ ಬಿಂದುಗಳು ಯಾವ ಕಡೆಗೆ, ಎಷ್ಟು ಸರಿಯಬೇಕೆಂಬುದನ್ನು ಆ ನಿಯಮ ಹೇಳುತ್ತದೆ. ಕುಂಚದ ಅಗಲ, ಅದರ ಬಲ, ನಡುವಿನಿಂದ ಅಂಚಿಗೆ ಆ ಬಲ ಇಳಿಯುವ ಬಗೆ, ಈ ಮೂರನ್ನೂ ಗೊತ್ತುಮಾಡುವವನು ಕಲಾವಿದನೇ. ಒತ್ತಡವನ್ನರಿಯುವ ಲೇಖನಿಯಿದ್ದರೆ ಕೈಯ ಭಾರವೂ ಗೀಟಿಗಿಳಿಯುತ್ತದೆ. ಗ್ರ್ಯಾಬ್ ಕುಂಚ ಹಿಡಿದೆಳೆಯುತ್ತದೆ; ಕ್ಲೇ ಸ್ಟ್ರಿಪ್ಸ್ ಮಣ್ಣಿನ ಪಟ್ಟಿಗಳನ್ನು ಮೆತ್ತುತ್ತದೆ; ಕ್ರೀಸ್ ಗೆರೆ ಕೊರೆಯುತ್ತದೆ; ಸ್ಮೂತ್ ನಯಗೊಳಿಸುತ್ತದೆ. ಬ್ಲೆಂಡರಿನಲ್ಲಿ ಕಂಟ್ರೋಲ್ ಕೀಲಿ ಒತ್ತಿಹಿಡಿದರೆ ಮೆತ್ತುವ ಕುಂಚವೇ ಕೆತ್ತುವ ಕುಂಚವಾಗುತ್ತದೆ. ಕಲ್ಲಿನಲ್ಲಿ ತೆಗೆಯುವುದುಂಟು, ಸೇರಿಸುವುದಿಲ್ಲ. ಮಣ್ಣಿನಲ್ಲಿ ಎರಡೂ ಉಂಟು. ಆದುದರಿಂದ ಈ ಹೊಸ ಶಿಲ್ಪಿಯು ಕಲ್ಲುಕುಟಿಗನಿಗಿಂತ ಹೆಚ್ಚಾಗಿ ಮಣ್ಣಿನ ಮೂರ್ತಿ ಮಾಡುವವನಿಗೆ ನೆಂಟ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದಲ್ಲಿ, ತಂಗಡಗಿಯಿದೆ. ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ನೆಲ ಅದು. ಆಕೆಯನ್ನು ಕರೆತರಲು ಹಡಪದ ಅಪ್ಪಣ್ಣ ಕಲ್ಯಾಣಕ್ಕೆ ಹೋದುದನ್ನೂ, ಕೂಡಲಸಂಗಮವನ್ನು ಸೇರುವ ಮೊದಲೇ ಆಕೆ ಇಲ್ಲಿ ಐಕ್ಯಳಾದುದನ್ನೂ ಪರಂಪರೆ ಹೇಳುತ್ತದೆ. ಆಕೆಯ ವಚನಗಳು ಉಳಿದುವು. ಆಕೆಯನ್ನು ಕಂಡು ಬರೆದ ಚಿತ್ರವೊಂದೂ ನಮಗೆ ಉಳಿದುಬಂದಿಲ್ಲ. ತಂಗಡಗಿಯ ತರುಣನೊಬ್ಬನು ಆಕೆಯ ಮುಖವನ್ನು ತೆರೆಯ ಮೇಲೆ ಮೂಡಿಸಲು ಕುಳಿತನೆನ್ನಿ. ನೋಡಿ ತಿದ್ದಲು ಮಾದರಿಯಿಲ್ಲ. ದುಃಖವನ್ನೂ ಅದನ್ನು ಮೀರಿದ ನಿಲವನ್ನೂ ಒಂದೇ ಮುಖದಲ್ಲಿ ತರಬೇಕು. ಅವನು ಮೊದಲು ಯಾವ ಕುಂಚವನ್ನು ಕೈಗೆತ್ತಿಕೊಳ್ಳಬೇಕು?

ಬಲ್ಲವನಾದರೆ ಅವನು ದೊಡ್ಡ ಕುಂಚದಿಂದ ತೊಡಗುತ್ತಾನೆ. ತಲೆಯ ಬಾಗು, ಕತ್ತಿನ ಒಲೆತ, ಕೆನ್ನೆಯೆಲುಬಿನ ಏರು, ಇವು ಮೊದಲು ಗ್ರ್ಯಾಬ್‌ನಿಂದ ನಿಲ್ಲಬೇಕು. ಆ ಬಳಿಕ ಕ್ಲೇ ಸ್ಟ್ರಿಪ್ಸ್‌ನ ಪಟ್ಟಿಗಳು ಒಂದರ ಮೇಲೊಂದು ಅಡ್ಡಡ್ಡಲಾಗಿ ಹಾಯ್ದು ಹಣೆ ಕೆನ್ನೆಗಳಿಗೆ ಮೈದುಂಬಬೇಕು. ಅಷ್ಟಾಗುವವರೆಗೆ ಬಲೆ ಒರಟಾಗಿಯೇ ಇರಬೇಕು. ಬಲೆಯನ್ನು ಒಂದು ಮೆಟ್ಟಿಲು ಸೂಕ್ಷ್ಮಗೊಳಿಸಿದರೆ ಒಂದು ಚೌಕ ನಾಲ್ಕಾಗುತ್ತದೆ. 6 ಮುಖಗಳ ಘನವೊಂದು ಆರೇ ಮೆಟ್ಟಿಲಿಗೆ 24,576 ಮುಖಗಳಾಗುತ್ತದೆ. ಇಷ್ಟನ್ನೂ ಮೊದಲ ದಿನವೇ ತೆರೆದುಕೊಂಡವನು ಮುಖವನ್ನು ಮರೆತು ರೆಪ್ಪೆಯ ಕೂದಲನ್ನು ಎಣಿಸುತ್ತ ಕೂಡುತ್ತಾನೆ. ಕ್ರೀಸ್ ಕುಂಚದ ಸರದಿ ಕಟ್ಟಕಡೆಯದು. ಆ ಮುಖದಲ್ಲಿ ತುಟಿಯಂಚಿಗೊಂದು, ಕಣ್ಣಡಿಗೊಂದು ಗೆರೆ ಸಾಕು.

ಇನ್ನು ಸ್ಮೂತ್ ಕುಂಚ. ಇದೊಂದು ಮೋಹಿನಿ. ಶಿಫ್ಟ್ ಕೀಲಿಯನ್ನೊತ್ತಿ ಸವರಿದರಾಯಿತು, ಒರಟೆಲ್ಲ ಮಾಯ. ಇದು ಹೇಗಾಗುತ್ತದೆ? ಪ್ರತಿಯೊಂದು ಬಿಂದುವನ್ನೂ ಅದರ ನೆರೆಹೊರೆಯ ಬಿಂದುಗಳ ಸರಾಸರಿಯ ಕಡೆಗೆ ಈ ಕುಂಚ ಜರುಗಿಸುತ್ತದೆ. ಆದರೆ ಮುಖದ ವ್ಯಕ್ತಿತ್ವವಿರುವುದು ಸರಾಸರಿಗೆ ಒಗ್ಗದ ಎಡೆಗಳಲ್ಲಿಯೇ ಅಲ್ಲವೆ? ಬಲ ಎಡಗಳನ್ನು ಕನ್ನಡಿಯಲ್ಲಿಟ್ಟಂತೆ ಒಂದು ಮಾಡುವ ಸೌಕರ್ಯವೂ ಇದಕ್ಕೆ ಜೊತೆಯಾದರೆ ನೀಲಾಂಬಿಕೆಯೂ ಅಕ್ಕಮಹಾದೇವಿಯೂ ಅಂಗಡಿಯ ಗೊಂಬೆಯೂ ಒಂದೇ ಅಚ್ಚಿನವರಾಗುತ್ತಾರೆ. ಭಕ್ತಿಯಿಂದ ಮಾಡಿದುದೆಂಬ ಮಾತ್ರಕ್ಕೆ ಈ ದೋಷ ಗುಣವಾಗದು.

ಹಿಂದಿನ ಶಿಲ್ಪಿಗೆ ಈ ಅಪಾಯವಿರಲಿಲ್ಲವೆ? ಇತ್ತು, ಆದರೆ ಅವನನ್ನು ತಡೆದು ನಿಲ್ಲಿಸಲು ಕಲ್ಲಿತ್ತು. ಬಾದಾಮಿಯ ಮರಳುಗಲ್ಲು ಸೂಕ್ಷ್ಮ ಕುಸುರಿಗೆ ಸುಲಭವಾಗಿ ಮಣಿಯದು. ಅಲ್ಲಿನ ಮೊದಲನೆಯ ಗುಹೆಯ ಹದಿನೆಂಟು ತೋಳಿನ ನಟರಾಜನ ಬಲವೆಲ್ಲ ಮೈಯ ತಿರುವಿನಲ್ಲಿದೆ, ಒಡವೆಯಲ್ಲಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಬಳಪದ ಕಲ್ಲು ಮೃದು. ಬಳ್ಳಿಗಾವೆಯ ದಾಸೋಜ ಅದರಲ್ಲಿ ಮದನಿಕೆಯ ಬಳೆ ಸರಗಳನ್ನು ಬಿಡಿಬಿಡಿಯಾಗಿ ಕಂಡರಿಸಿದನು. ಹೀಗೆ ಒಂದೊಂದು ಕಲ್ಲೂ ತನ್ನ ಶಿಲ್ಪಿಗೆ ಒಂದೊಂದು ಶೈಲಿಯನ್ನು ಕಲಿಸಿತು. ತೆರೆಯ ಮೇಲಿನ ಮಣ್ಣು ಬಳಪದ ಕಲ್ಲಿಗಿಂತಲೂ ಮೃದು. ಅದು ಯಾವುದಕ್ಕೂ ಎದುರು ಹೇಳದು. ಎದುರು ಹೇಳದ ಗುರುವಿನಿಂದ ಶಿಷ್ಯನು ಏನನ್ನು ತಾನೆ ಕಲಿತಾನು? ಕಲ್ಲು ಹೇರುತ್ತಿದ್ದ ಕಟ್ಟನ್ನು ಈಗ ಕಲಾವಿದನು ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ.

ಕಾವ್ಯದ ವಿದ್ಯಾರ್ಥಿಗಳಿಗೆ ಈ ಸಂಕಟ ಹೊಸದಲ್ಲ. ಹೊಸದಾಗಿ ಬರೆಯತೊಡಗಿದವನು ಭಾವ ನೆಲೆಗೊಳ್ಳುವ ಮೊದಲೇ ಉಪಮೆ ರೂಪಕಗಳನ್ನು ಹೇರುತ್ತಾನೆ. ಈ ತಂತ್ರಾಂಶಗಳಲ್ಲಿಯೂ ಆಲ್ಫಾ ಎಂಬ ಮುದ್ರೆಗಳಿವೆ. ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಆಭರಣದ ಕುಸುರಿ, ಯಾವುದನ್ನಾದರೂ ಒಂದೇ ಒತ್ತಿಗೆ ಅಚ್ಚೊತ್ತಬಹುದು. ಎಲುಬು ಕೂಡದ ಕೆನ್ನೆಗೆ ರಂಧ್ರಗಳನ್ನೊತ್ತಿದರೆ ನಿಜವೆಂಬ ಭ್ರಮೆ ಹುಟ್ಟೀತು, ಜೀವ ಹುಟ್ಟದು. ಔಚಿತ್ಯವೆಂಬ ಹಳೆಯ ಮಾತು ಇಲ್ಲಿಯೂ ಸಲ್ಲುತ್ತದೆ.

ಮಾಡಿದುದನ್ನು ಅಳಿಸಿ ಹಿಂದಿರುಗುವ ಅನುಕೂಲವನ್ನೇ ಕೆಲವರು ಈ ಕಲೆಯ ಪಾಪವೆಂದು ಎಣಿಸುತ್ತಾರೆ. ನಾನು ಒಪ್ಪಲಾರೆ. ಕವಿಯೂ ಬರೆದುದನ್ನು ಹೊಡೆದುಹಾಕುತ್ತಾನೆ. ಅದರಿಂದ ಕವಿತೆ ಕೆಟ್ಟುದುಂಟೆ? ಅಳಿಸಬಲ್ಲೆನೆಂಬ ಧೈರ್ಯದಲ್ಲಿ ಯಾವ ಗೆರೆಯನ್ನೂ ನಿಶ್ಚಯಿಸದೆ ಹೋಗುವುದೇ ನಿಜವಾದ ಕೇಡು. ಆದುದರಿಂದ ಇಂತಹ ಶಿಲ್ಪದ ಮುಂದೆ ನಿಂತಾಗ ಇದನ್ನು ಯಂತ್ರದಿಂದ ಮಾಡಿದರೋ ಕೈಯಿಂದಲೋ ಎಂದು ಕೇಳುವುದು ವ್ಯರ್ಥ. ಕುಂಚದ ಪಟ್ಟಿಗಳು ಮೈಯ ಏರಿಳಿತವನ್ನು ಅನುಸರಿಸಿವೆಯೆ, ಕುಂಚವು ನಿಲ್ಲಬೇಕಾದಲ್ಲಿ ನಿಂತಿದೆಯೆ ಎಂದು ನೋಡಬೇಕು. ನಮ್ಮ ಕಲಾಶಾಲೆಗಳು ಈ ವಿದ್ಯೆಯನ್ನು ಕಲಿಸುವಾಗ ಕೀಲಿಗಳ ಪಟ್ಟಿಯೊಡನೆ ಹಸಿಮಣ್ಣಿನ ಮುದ್ದೆಯೊಂದನ್ನೂ ವಿದ್ಯಾರ್ಥಿಯ ಕೈಗೆ ಕೊಡಲಿ, ಬಾದಾಮಿಯ ಗುಹೆಗಳಿಗೆ ಒಮ್ಮೆ ಕರೆದೊಯ್ಯಲಿ. ಅಂಥ ಕೈಯಿಂದ ನೀಲಾಂಬಿಕೆಯ ಮುಖ ಮೂಡಿಬಂದರೆ, ಅದು ತೆರೆಯ ಮೇಲೆ ಹುಟ್ಟಿತೆಂದು ಹಗುರವಾಗಿ ಕಾಣಲು ನಮಗೆ ಕಾರಣ ಉಳಿಯದು.