ಎಡಗೈಯಲ್ಲಿ ಹೆಜ್ಜೆ ಸಪ್ಪಳ

ಗಾಯಕ ಬಾಯಿ ತೆರೆಯುವ ಮೊದಲೇ ಪಿಯಾನೋ ನಡೆಯತೊಡಗಿರುತ್ತದೆ.

ರಾಲ್ಫ್ ವಾನ್ ವಿಲಿಯಮ್ಸ್ ಸ್ವರ ಸಂಯೋಜಿಸಿದ ‘ದಿ ವ್ಯಾಗಬಾಂಡ್’ ಹಾಡಿನ ಸೊಗಸೇ ಅದು. ಎಡಗೈಯ ತಗ್ಗು ಸ್ವರಗಳು ಹಳೆಯ ಬೂಟಿನಂತೆ ಒಂದೇ ಲಯದಲ್ಲಿ ನೆಲ ತುಳಿಯುತ್ತವೆ. ಬಲಗೈಯಲ್ಲಿ ಕಹಳೆಯ ಕರೆಯಂಥ ಪುಟ್ಟ ತ್ರಿವಳಿ ಸ್ವರಗಳು ಚಿಮ್ಮುತ್ತವೆ. ಆಕಾಶವೇ ಸೂರು, ದಾರಿಯೇ ಆಸ್ತಿ ಎನ್ನುವ ಅಲೆಮಾರಿಯ ಮಾತು ರಾಬರ್ಟ್ ಲೂಯಿ ಸ್ಟೀವನ್ಸನ್ನರದು. ಶರತ್ಕಾಲದ ಚಳಿ ಬಂದಾಗ ದನಿ ಪಿಸುಮಾತಿಗಿಳಿಯುತ್ತದೆ. ಆಗಲೂ ನಡಿಗೆ ನಿಲ್ಲದು. ಮೈ ಜುಮ್ಮೆನ್ನುವುದು ಅಲ್ಲಿಯೇ.

1904ರಲ್ಲಿ ಲಂಡನ್ನಿನ ಬೆಕ್‌ಸ್ಟೈನ್ ಹಾಲ್‌ನಲ್ಲಿ ‘ಸಾಂಗ್ಸ್ ಆಫ್ ಟ್ರಾವೆಲ್’ ಗುಚ್ಛದ ಮೊದಲ ಹಾಡಾಗಿ ಇದು ಕೇಳಿಬಂತು. ಸಂಯೋಜಕರು 1958ರಲ್ಲಿ ತೀರಿಕೊಂಡ ಮೇಲೆ, ಅವರ ಕಾಗದಗಳ ನಡುವೆ ಗುಚ್ಛದ ಒಂಬತ್ತನೆಯ ಹಾಡು ಸಿಕ್ಕಿತು. ಅದರಲ್ಲಿಯೂ ಅದೇ ಹೆಜ್ಜೆ ಸಪ್ಪಳ ಮರುಕಳಿಸುತ್ತದೆ.